ಓಡಿಸೋಕೆ ಮುಂಚೆ ಬಿಚ್ಚಿ ನೋಡಿದವನು: ವಾಲ್ಟರ್ ಕ್ರೈಸ್ಲರ್

ಮನೆಗೆ ಹೊಸ ಕಾರು ಬಂದ್ರೆ ನಾವೇನು ಮಾಡ್ತೀವಿ? ಪೂಜೆ ಮಾಡಿಸ್ತೀವಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಓಡಿಸ್ತೀವಿ, ಫೋಟೋ ತೆಗೆದು ಸ್ಟೇಟಸ್ ಹಾಕ್ತೀವಿ. 1908ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಓಲ್ವೈನ್ ಅನ್ನೋ ಊರಲ್ಲಿ ಒಬ್ಬ ರೈಲ್ವೆ ನೌಕರ ಸಾಲ ಮಾಡಿ ಕಾರು ತಂದ. ತಂದವನು ಮೂರು ತಿಂಗಳು ಅದನ್ನ ಓಡಿಸಲೇ ಇಲ್ಲ. ಮನೆಯ ಶೆಡ್ಡಲ್ಲಿ ಇಟ್ಟುಕೊಂಡು ಒಂದೊಂದೇ ಭಾಗ ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಅವನೇ ವಾಲ್ಟರ್ ಕ್ರೈಸ್ಲರ್. ನ್ಯೂಯಾರ್ಕಿನ ಕ್ರೈಸ್ಲರ್ ಬಿಲ್ಡಿಂಗ್ ಫೋಟೋ ನಾವೆಲ್ಲ ನೋಡಿದ್ದೀವಿ. ಆ ಹೆಸರಿನ ಹಿಂದೆ ಇರೋದು ಈ ಮನುಷ್ಯ.

ವಾಲ್ಟರ್ ಹುಟ್ಟಿದ್ದು 1875ರ ಏಪ್ರಿಲ್ 2ರಂದು, ಕ್ಯಾನ್ಸಸ್ ರಾಜ್ಯದ ವಮೀಗೋದಲ್ಲಿ. ಬೆಳೆದದ್ದು ಎಲ್ಲಿಸ್ ಅನ್ನೋ ರೈಲ್ವೆ ಊರಲ್ಲಿ. ಅಪ್ಪ ಯೂನಿಯನ್ ಪೆಸಿಫಿಕ್ ರೈಲ್ವೆಯಲ್ಲಿ ಸ್ಟೀಮ್ ಎಂಜಿನ್ ಓಡಿಸ್ತಿದ್ದರು. ಮಗ ಕಾಲೇಜಿಗೆ ಹೋಗಲಿಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ಗಂಟೆಗೆ 10 ಸೆಂಟ್ ಸಂಬಳಕ್ಕೆ ಕಸ ಗುಡಿಸೋ ಕೆಲಸಕ್ಕೆ ಸೇರಿದ. ಆಮೇಲೆ ಅಪ್ರೆಂಟಿಸ್ ಆಗೋ ಅವಕಾಶ ಬಂತು, ಆದ್ರೆ ಅದಕ್ಕೆ ಸಂಬಳ ಗಂಟೆಗೆ 5 ಸೆಂಟ್. ಅಂದ್ರೆ ಪೊರಕೆ ಹಿಡಿದರೆ ಸಿಗೋದರ ಅರ್ಧ! ವಾಲ್ಟರ್ ಆ ಅರ್ಧವನ್ನೇ ಆರಿಸಿಕೊಂಡ, ಯಾಕಂದ್ರೆ ಮೆಷಿನ್ ಮುಟ್ಟೋಕೆ ಸಿಗ್ತಿದ್ದದ್ದು ಅಲ್ಲಿ ಮಾತ್ರ.

ಟೂಲ್ಸ್ ಕೊಳ್ಳೋಕೆ ದುಡ್ಡಿರಲಿಲ್ಲ. ಹಾಗಾಗಿ ತನಗೆ ಬೇಕಾದ ಟೂಲ್ಸ್ ಎಷ್ಟೋ ತಾನೇ ಮಾಡಿಕೊಂಡ. ಸುಮಾರು 28 ಇಂಚು ಉದ್ದದ ಪುಟ್ಟ ಸ್ಟೀಮ್ ಎಂಜಿನ್ನನ್ನೂ ಮಾಡಿ ಮನೆ ಅಂಗಳದಲ್ಲಿ ಹಳಿ ಹಾಕಿ ಓಡಿಸಿದ. ಮುಂದೆ ಊರೂರು ಸುತ್ತಿ ಬೇರೆ ಬೇರೆ ರೈಲ್ವೆಗಳಲ್ಲಿ ದುಡಿದ. ಜೊತೆಗೆ ಅಂಚೆ ಮೂಲಕ ಎಂಜಿನಿಯರಿಂಗ್ ಪಾಠಗಳನ್ನ ಓದಿದ. 1901ರಲ್ಲಿ ತನ್ನೂರಿನ ಡೆಲ್ಲಾಳನ್ನ ಮದುವೆಯಾದ. ಓಲ್ವೈನ್‌ಗೆ ಬರೋ ಹೊತ್ತಿಗೆ ಚಿಕಾಗೋ ಗ್ರೇಟ್ ವೆಸ್ಟರ್ನ್ ರೈಲ್ವೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತ್ತು.

ಕಾರಿನ ಕಥೆ ಶುರುವಾಗೋದು ಇಲ್ಲಿಂದ. 1908ರಲ್ಲಿ ಚಿಕಾಗೋ ಆಟೋ ಶೋನಲ್ಲಿ ವಾಲ್ಟರ್ ಒಂದು ಲೋಕೊಮೊಬೈಲ್ ಕಾರು ನೋಡಿದ. ಬಿಳಿ ಬಣ್ಣ, ಕೆಂಪು ಸೀಟು. ಬೆಲೆ 5000 ಡಾಲರ್, ಅಂದ್ರೆ ಅವನ ಇಡೀ ವರ್ಷದ ಸಂಬಳಕ್ಕಿಂತ ಜಾಸ್ತಿ. ಕೈಯಲ್ಲಿದ್ದ ಉಳಿತಾಯ 700 ಡಾಲರ್. ಉಳಿದ 4300 ಡಾಲರನ್ನ ಗೆಳೆಯನೊಬ್ಬನ ಜಾಮೀನಿನ ಮೇಲೆ ಬ್ಯಾಂಕಿಂದ ಸಾಲ ತಗೊಂಡ. ಮನೇಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಉಳಿತಾಯ ಖಾಲಿ ಆಯ್ತು, ಮೇಲೆ ಇಷ್ಟು ಸಾಲ. ಇದರ ಭಾರ ವಾಲ್ಟರ್ ಒಬ್ಬನ ಮೇಲೆ ಬೀಳಲಿಲ್ಲ, ಡೆಲ್ಲಾಳ ಮೇಲೂ ಬಿತ್ತು. ಅವಳ ತಾಳ್ಮೆ ಇಲ್ಲದಿದ್ದರೆ ಈ ಕಥೆಯೇ ಇಲ್ಲ.

ಕಾರು ರೈಲಿನಲ್ಲಿ ಊರಿಗೆ ಬಂತು. ಓಡಿಸೋಕೆ ಬರದ ಕಾರಣ ಕುದುರೆ ಕಟ್ಟಿ ಮನೆವರೆಗೆ ಎಳೆಸಿದ. ಡೆಲ್ಲಾಗೆ ಒಂದು ರೌಂಡ್ ಹೋಗೋ ಆಸೆ. ಆದ್ರೆ ಗಂಡ ಶೆಡ್ಡಲ್ಲಿ ಭಾಗಗಳನ್ನ ಹರಡಿಕೊಂಡು, ಕ್ಯಾಟಲಾಗ್ ಮತ್ತು ಡ್ರಾಯಿಂಗ್ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಮೂರು ತಿಂಗಳಾದ ಮೇಲೆ ಮೊದಲ ಸಲ ಹೊರಗೆ ತೆಗೆದ. ಕಾರು ನೆಗೆದು ಹಳ್ಳಕ್ಕೆ ಬಿದ್ದು ನೆರೆಯವರ ತೋಟಕ್ಕೆ ನುಗ್ಗಿತು! ಮತ್ತೆ ಕುದುರೆಗಳೇ ಬಂದು ಎಳೆಯಬೇಕಾಯ್ತು. ಬಿಚ್ಚಿ ಜೋಡಿಸೋದು ಒಂದು ವಿದ್ಯೆ, ಓಡಿಸೋದು ಇನ್ನೊಂದು. ಅದನ್ನೂ ಕಲಿತ.

ಇಲ್ಲಿ ಒಂದು ಪ್ರಶ್ನೆ. ಇಷ್ಟೆಲ್ಲ ಕಷ್ಟ ಯಾಕೆ? ಆ ಕಾಲದ ಶ್ರೀಮಂತರು ಕಾರಿನ ಜೊತೆ ರಿಪೇರಿ ಗೊತ್ತಿರೋ ಡ್ರೈವರನ್ನೂ ಇಟ್ಟುಕೊಳ್ತಿದ್ದರು. ವಾಲ್ಟರ್ ಬಿಚ್ಚಿದ್ದು ಮೆಕ್ಯಾನಿಕ್ ದುಡ್ಡು ಉಳಿಸೋಕೆ ಅಲ್ಲ, ಕಾರು ಕೆಟ್ಟಿದೆ ಅಂತಲೂ ಅಲ್ಲ. ಮುಂದಿನ ಕಾಲ ಈ ಯಂತ್ರದ್ದು ಅನ್ನಿಸಿತ್ತು, ಅದರ ಹೊಟ್ಟೆಯೊಳಗೆ ಏನಿದೆ ಅಂತ ತಿಳಿಯಬೇಕಿತ್ತು. ಸಾಲದ ದುಡ್ಡಲ್ಲಿ ಅವನು ಕೊಂಡದ್ದು ವಾಹನವನ್ನಲ್ಲ, ಒಂದು ಲ್ಯಾಬನ್ನ.

ಆ ಲ್ಯಾಬ್ ಫಲ ಕೊಟ್ಟಿತು. ಪಿಟ್ಸ್‌ಬರ್ಗ್‌ನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದಾಗ ಬ್ಯೂಯಿಕ್ ಕಾರ್ಖಾನೆಯಿಂದ ಕರೆ ಬಂತು. ಇದ್ದ ಕಡೆ ವರ್ಷಕ್ಕೆ 12,000 ಡಾಲರ್ ಕೊಡ್ತೀವಿ ಅಂದ್ರು, ಬ್ಯೂಯಿಕ್ ಕೊಟ್ಟಿದ್ದು 6000. ಮತ್ತೆ ಅರ್ಧ ಸಂಬಳ! ಮತ್ತೆ ಅದನ್ನೇ ಆರಿಸಿಕೊಂಡ. ಬ್ಯೂಯಿಕ್‌ನಲ್ಲಿ ಕಾರನ್ನ ಇನ್ನೂ ಕುದುರೆ ಗಾಡಿ ಕಟ್ಟೋ ರೀತಿಯಲ್ಲೇ ಕಟ್ಟುತ್ತಿದ್ದರು, ಯಾರೂ ನೋಡದ ಚಾಸಿಗೂ ನಿಧಾನವಾಗಿ ಪೇಂಟ್ ಬಳಿಯುತ್ತಿದ್ದರು. ಪ್ರತಿ ಭಾಗವನ್ನ ಕೈಯಾರೆ ಬಿಚ್ಚಿದ್ದವನಿಗೆ ಯಾವ ಕೆಲಸ ಬೇಕು, ಯಾವುದು ಬೇಡ ಅಂತ ಕಾಣಿಸಿತು. ದಿನಕ್ಕೆ 45 ಕಾರು ಬರ್ತಿದ್ದ ಕಡೆ 200 ಬರೋಕೆ ಶುರುವಾಯ್ತು.

1920ರ ಹೊತ್ತಿಗೆ ಅಲ್ಲಿಂದ ಹೊರಬಂದು, ಮುಳುಗುತ್ತಿದ್ದ ಮ್ಯಾಕ್ಸ್‌ವೆಲ್ ಕಂಪನಿಯನ್ನ ಎತ್ತೋ ಕೆಲಸಕ್ಕೆ ಕೈ ಹಾಕಿದ. ಝೆಡರ್, ಸ್ಕೆಲ್ಟನ್, ಬ್ರೀರ್ ಅನ್ನೋ ಮೂವರು ಎಂಜಿನಿಯರುಗಳ ಜೊತೆ ಸೇರಿ 1924ರಲ್ಲಿ ಕ್ರೈಸ್ಲರ್ ಸಿಕ್ಸ್ ಕಾರು ತಂದ. ಹೈ ಕಂಪ್ರೆಷನ್ ಎಂಜಿನ್, ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್, ಏರ್ ಕ್ಲೀನರ್, ಆಯಿಲ್ ಫಿಲ್ಟರ್. ಮಧ್ಯಮ ಬೆಲೆಯ ಕಾರಿನಲ್ಲಿ ಆಗ ಇವೆಲ್ಲ ಒಟ್ಟಿಗೆ ಸಿಗ್ತಿರಲಿಲ್ಲ. 1925ರಲ್ಲಿ ಕ್ರೈಸ್ಲರ್ ಕಾರ್ಪೊರೇಷನ್, 1928ರಲ್ಲಿ ಡಾಡ್ಜ್ ಖರೀದಿ ಮತ್ತು ಪ್ಲೈಮೌತ್, 1930ರಲ್ಲಿ 1046 ಅಡಿ ಎತ್ತರದ ಆ ಬಿಲ್ಡಿಂಗ್. ಅದರ ತುದಿಯ ಹತ್ತಿರ ಜನ ಊರು ನೋಡೋ ಕೋಣೆಯಲ್ಲಿ ಪ್ರದರ್ಶನಕ್ಕಿಟ್ಟದ್ದು ಅಪ್ರೆಂಟಿಸ್ ಕಾಲದ ಆ ಟೂಲ್ ಬಾಕ್ಸನ್ನ. 1938ರಲ್ಲಿ ಡೆಲ್ಲಾ ತೀರಿಕೊಂಡಳು. 1940ರ ಆಗಸ್ಟ್ 18ರಂದು ವಾಲ್ಟರ್ ಕೂಡ ಹೋದ. ಸ್ವಾತಂತ್ರ್ಯದ ನಂತರ ಬಾಂಬೆಯ ಪ್ರೀಮಿಯರ್ ಕಾರ್ಖಾನೆ ಜೋಡಿಸಿದ ಡಾಡ್ಜ್, ಪ್ಲೈಮೌತ್ ಕಾರುಗಳ ಮೂಲಕ ಅವನ ಕಂಪನಿಯ ಕೆಲಸ ನಮ್ಮ ದೇಶದ ರಸ್ತೆಗೂ ಬಂತು.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮಲ್ಲಿ ಎಷ್ಟೋ ಜನರ ಮನೇಲಿ ಹಳೇ ಮಾರುತಿ 800 ಇನ್ನೂ ನಿಂತಿದೆ. ಆಯಿಲ್ ಬದಲಾಯಿಸಬೇಕು ಅಂದ್ರೂ ಗ್ಯಾರೇಜಿಗೆ ಬಿಡ್ತೀವಿ. ಥರ್ಮೋಡೈನಾಮಿಕ್ಸ್ ಇಂಟರ್ನಲ್ಸ್‌ನಲ್ಲಿ ಆಟೋ ಸೈಕಲ್ ಗ್ರಾಫ್ ನೀಟಾಗಿ ಬರೆಯೋ ನಮಗೆ ಸ್ಪಾರ್ಕ್ ಪ್ಲಗ್ ಬಿಚ್ಚೋಕೆ ಯಾವ ಸ್ಪ್ಯಾನರ್ ಬೇಕು ಅಂತ ಗೊತ್ತಿರಲ್ಲ. ನಮ್ಮದೇ ವಯಸ್ಸಿನ ಗ್ಯಾರೇಜ್ ಹುಡುಗನಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತು. ವಾಲ್ಟರ್ ಕಲಿತದ್ದು ಅವನ ದಾರಿಯಲ್ಲಿ, ನಮ್ಮ ದಾರಿಯಲ್ಲಲ್ಲ.

ಹಾಗಂತ ನಾಳೆಯೇ ಅಪ್ಪನ ಕಾರನ್ನ ಪೂರ್ತಿ ಬಿಚ್ಚಿ ಅಂತ ಹೇಳ್ತಿಲ್ಲ! ಶೆಡ್ಡಿಗೆ ಹೋಗೋ ಮುಂಚೆ ವಾಲ್ಟರ್ ಬೆನ್ನ ಹಿಂದೆ ಹತ್ತಾರು ವರ್ಷದ ವರ್ಕ್‌ಶಾಪ್ ಅನುಭವ ಇತ್ತು. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ಯಾಟರಿ ಟರ್ಮಿನಲ್ ಕ್ಲೀನಿಂಗ್, ಇವು ಮ್ಯಾನುಯಲ್ ಓದಿ ಮನೇಲೇ ಮಾಡಬಹುದು. ತಪ್ಪಾದ್ರೂ ಸಾಮಾನ್ಯವಾಗಿ ಹಾಳಾಗೋದು ದುಡ್ಡು. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್, ಇವಕ್ಕೆ ಮೆಕ್ಯಾನಿಕ್ ಅಣ್ಣನಿಗೆ ದುಡ್ಡು ಕೊಡೋದೇ ಸರಿ, ಇಲ್ಲಿ ತಪ್ಪಾದ್ರೆ ಹೋಗೋದು ಜೀವ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಯಾವತ್ತೂ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಹೊರಹಾಕಿದ ಆಯಿಲ್ ಮೋರಿಗೆ ಸುರಿಯಬೇಡಿ. ಗ್ಯಾರೇಜಿಗೆ ಕೊಟ್ಟಾಗಲೂ ಕೀ ಕೊಟ್ಟು ಓಡಿ ಬರಬೇಡಿ. ಪಕ್ಕದಲ್ಲಿ ನಿಂತು ನೋಡಿ, ಅಣ್ಣ ಇದ್ಯಾಕೆ ಹೀಗೆ ಅಂತ ಕೇಳಿ.

ಇನ್ನೊಂದು ಮಾತು. ಎಲ್ಲವನ್ನೂ ಬಿಚ್ಚಿದ ಈ ಮನುಷ್ಯ ಕೊನೆಗೆ ಮಾಡಿದ್ದು, ಬಾನೆಟ್ ಎತ್ತೋಕೂ ಬಾರದ ಲಕ್ಷಾಂತರ ಜನ ನಂಬಿ ಓಡಿಸೋ ಕಾರುಗಳನ್ನ. ಎಲ್ಲರೂ ಬಿಚ್ಚಬೇಕಿಲ್ಲ ನಿಜ. ಆದ್ರೆ ಎಂಜಿನಿಯರ್ ಅಂತ ಹೆಸರು ಹಾಕಿಕೊಳ್ಳೋಕೆ ಹೊರಟ ನಾವೂ ಬಿಚ್ಚದಿದ್ರೆ ಇನ್ಯಾರು ಬಿಚ್ಚಬೇಕು? ಸೆಮಿಸ್ಟರ್ ರಜೆ ಹತ್ತಿರ ಬಂತು. ಏರ್ ಫಿಲ್ಟರ್ ಇರೋದು ಎಲ್ಲಿ ಅಂತ ಹುಡುಕೋದರಿಂದ ಶುರು ಮಾಡೋಣ.