ಕರ್ಣಿ ಸಿಂಗ್

ಡಾ. ಕರ್ಣಿ ಸಿಂಗ್ (21 ಏಪ್ರಿಲ್ 1924 – ಸೆಪ್ಟೆಂಬರ್ 1988) ಅವರು ಭಾರತದ ಶೂಟಿಂಗ್ ಕ್ರೀಡಾಪಟು, ಸಂಸದರು ಹಾಗೂ ಬಿಕಾನೇರ್ ರಾಜಮನೆತನದ ಮುಖ್ಯಸ್ಥರಾಗಿದ್ದರು. ಹಾರುವ ಬಿಲ್ಲೆಗಳಿಗೆ ಗುಂಡು ಹಾರಿಸುವ ಟ್ರ್ಯಾಪ್ ಸ್ಪರ್ಧೆಯಲ್ಲಿ ಅವರು 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದ ಮೊದಲ ಭಾರತೀಯರು ಅವರೇ. 1962ರಲ್ಲಿ ಕೈರೊದಲ್ಲಿ ನಡೆದ ವಿಶ್ವ ಶೂಟಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಪದಕ ಗಳಿಸಿದರು. 1952ರಿಂದ 1977ರವರೆಗೆ ಬಿಕಾನೇರ್ ಪ್ರದೇಶದಿಂದ ಪಕ್ಷೇತರರಾಗಿ ಸತತ ಐದು ಬಾರಿ ಲೋಕಸಭೆಗೆ ಆಯ್ಕೆಯಾಗಿದ್ದರು.

ಮನೆತನ ಮತ್ತು ಬಾಲ್ಯ

ಬಿಕಾನೇರ್ ಇಂದಿನ ರಾಜಸ್ಥಾನದ ವಾಯವ್ಯ ಭಾಗದ ಮರುಭೂಮಿಯಲ್ಲಿದ್ದ ಸಂಸ್ಥಾನ. 15ನೆಯ ಶತಮಾನದಲ್ಲಿ ರಾಥೋಡ್ ವಂಶದ ರಾವ್ ಬೀಕಾ ಇದನ್ನು ಸ್ಥಾಪಿಸಿದರು. ಕರ್ಣಿ ಸಿಂಗ್ ಹುಟ್ಟಿದಾಗ ಅವರ ಅಜ್ಜ ಮಹಾರಾಜ ಗಂಗಾ ಸಿಂಗ್ ಆಳುತ್ತಿದ್ದರು. ಒಂಟೆ ಸವಾರರ ದಳವಾದ ಗಂಗಾ ರಿಸಾಲಾ ಮತ್ತು 1927ರಲ್ಲಿ ಮರುಭೂಮಿಗೆ ಸಟ್ಲೆಜ್ ನದಿಯ ನೀರನ್ನು ತಂದ ಗಂಗಾ ಕಾಲುವೆಗಳಿಂದ ಅಜ್ಜನ ಹೆಸರು ದೂರದವರೆಗೂ ಹಬ್ಬಿತ್ತು. 1919ರ ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಗಂಗಾ ಸಿಂಗ್ ಒಬ್ಬರು. ಮೊಮ್ಮಗನಿಗೆ ಇಟ್ಟದ್ದು ದೇಶನೋಕ್‌ನಲ್ಲಿ ನೆಲೆಸಿರುವ, ರಾಜಮನೆತನ ಆರಾಧಿಸುವ ಕರ್ಣಿ ಮಾತೆಯ ಹೆಸರು.

ಆ ಕಾಲದ ರಾಜಕುಮಾರರಿಗೆ ಬಂದೂಕು ಶಿಕ್ಷಣದ ಒಂದು ಭಾಗವೇ ಆಗಿತ್ತು. ಬಿಕಾನೇರ್ ಸಮೀಪದ ಗಜನೇರ್ ಸರೋವರದ ದಡದಲ್ಲಿ ಗಂಗಾ ಸಿಂಗ್ ಏರ್ಪಡಿಸುತ್ತಿದ್ದ ಹಕ್ಕಿ ಬೇಟೆಗೆ ವೈಸರಾಯ್‌ಗಳೂ ಅತಿಥಿಗಳಾಗಿ ಬರುತ್ತಿದ್ದರು. ವೇಗವಾಗಿ ಹಾರುವ ಗೌಜಲು ಜಾತಿಯ ಹಕ್ಕಿಗಳನ್ನು ಚರೆಗುಂಡಿನಿಂದ ಹೊಡೆಯುವುದು ಅಲ್ಲಿನ ಮುಖ್ಯ ಆಕರ್ಷಣೆ. ಕರ್ಣಿ ಸಿಂಗ್ ಬೆಳೆದದ್ದು ಈ ಪರಿಸರದಲ್ಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಅಜ್ಜನೊಂದಿಗೆ ಮಧ್ಯಪ್ರಾಚ್ಯದ ರಣರಂಗಕ್ಕೆ ಹೋಗಿದ್ದರು. ದೆಹಲಿಯ ಸೇಂಟ್ ಸ್ಟೀಫನ್ಸ್ ಮತ್ತು ಮುಂಬಯಿಯ ಸೇಂಟ್ ಕ್ಸೇವಿಯರ್ಸ್ ಕಾಲೇಜುಗಳಲ್ಲಿ ಓದಿ ಇತಿಹಾಸ ಮತ್ತು ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದರು. 1944ರಲ್ಲಿ ಡುಂಗರ್‌ಪುರದ ರಾಜಕುಮಾರಿ ಸುಶೀಲಾ ಕುಮಾರಿ ಅವರನ್ನು ವಿವಾಹವಾದರು.

ಸಂಸ್ಥಾನದಿಂದ ಸಂಸತ್ತಿಗೆ

ಗಂಗಾ ಸಿಂಗ್ 1943ರಲ್ಲಿ ನಿಧನರಾದ ಮೇಲೆ ಕರ್ಣಿ ಸಿಂಗ್ ಅವರ ತಂದೆ ಸಾದೂಲ್ ಸಿಂಗ್ ಪಟ್ಟಕ್ಕೆ ಬಂದರು. 1947ರ ಆಗಸ್ಟ್‌ನಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಮೊದಲು ಸಹಿ ಹಾಕಿದ ಅರಸರಲ್ಲಿ ಅವರೂ ಇದ್ದರು. 1949ರ ಮಾರ್ಚ್‌ನಲ್ಲಿ ಬಿಕಾನೇರ್ ರಾಜಸ್ಥಾನದಲ್ಲಿ ವಿಲೀನವಾಯಿತು. 1950ರಲ್ಲಿ ತಂದೆ ತೀರಿಕೊಂಡಾಗ ಕರ್ಣಿ ಸಿಂಗ್ ಅವರಿಗೆ ಬಂದದ್ದು ಮಹಾರಾಜ ಎಂಬ ಬಿರುದು ಮತ್ತು ರಾಜಧನ ಮಾತ್ರ, ಆಳಲು ರಾಜ್ಯವಿರಲಿಲ್ಲ.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಯಾವ ಪಕ್ಷವನ್ನೂ ಸೇರದೆ ಸ್ಪರ್ಧಿಸಿ ಗೆದ್ದಾಗ ಅವರಿಗಿನ್ನೂ 28 ತುಂಬಿರಲಿಲ್ಲ. ಅನಂತರದ 1957, 1962, 1967 ಮತ್ತು 1971ರ ಚುನಾವಣೆಗಳಲ್ಲಿಯೂ ಪಕ್ಷೇತರರಾಗಿಯೇ ಗೆದ್ದರು. ರಾಜಸ್ಥಾನಿ ಭಾಷೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿಸಬೇಕೆಂದು ಲೋಕಸಭೆಯಲ್ಲಿ ಒತ್ತಾಯಿಸಿದವರಲ್ಲಿ ಅವರು ಪ್ರಮುಖರು. ಆ ಬೇಡಿಕೆ ಅವರ ಜೀವಿತಕಾಲದಲ್ಲಿ ಈಡೇರಲಿಲ್ಲ. 1971ರ ಡಿಸೆಂಬರ್‌ನಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ಅರಸರ ಮಾನ್ಯತೆಯನ್ನೂ ರಾಜಧನವನ್ನೂ ರದ್ದುಪಡಿಸಿದಾಗ ಅವರು ಅದೇ ಸಭೆಯ ಸದಸ್ಯರಾಗಿದ್ದರು. ಬಿರುದು ಕಾನೂನಿನ ದೃಷ್ಟಿಯಲ್ಲಿ ಇಲ್ಲವಾದರೂ ಮತದಾರರು ಕೊಟ್ಟ ಸ್ಥಾನ 1977ರವರೆಗೆ ಉಳಿಯಿತು.

ಶೂಟಿಂಗ್ ಜೀವನ

ಟ್ರ್ಯಾಪ್ ಸ್ಪರ್ಧೆಯಲ್ಲಿ ಗುರಿಕಾರನ ಮುಂದೆ 15 ಮೀಟರ್ ದೂರದ ತಗ್ಗಿನಲ್ಲಿ ಯಂತ್ರಗಳಿರುತ್ತವೆ. ಗುರಿಕಾರ ಕೂಗು ಕೊಟ್ಟೊಡನೆ ಸುಮಾರು 11 ಸೆಂಟಿಮೀಟರ್ ಅಗಲದ ಬಿಲ್ಲೆಯೊಂದು ದೂರಕ್ಕೆ ಚಿಮ್ಮುತ್ತದೆ. ಅದು ಯಾವ ಕೋನದಲ್ಲಿ, ಎಷ್ಟು ಎತ್ತರಕ್ಕೆ ಹಾರುವುದೆಂಬುದು ಮೊದಲೇ ತಿಳಿದಿರುವುದಿಲ್ಲ. ಕೆಲವೇ ಕ್ಷಣಗಳಲ್ಲಿ ಬಂದೂಕನ್ನು ತಿರುಗಿಸಿ, ಬಿಲ್ಲೆಗಿಂತ ತುಸು ಮುಂದಕ್ಕೆ ಗುರಿಯಿಟ್ಟು ಅದನ್ನು ಒಡೆಯಬೇಕು. ಒಂದು ಸುತ್ತಿಗೆ 25 ಬಿಲ್ಲೆಗಳು. ಅಂದಿನ ಒಲಿಂಪಿಕ್ಸ್‌ನಲ್ಲಿ ಒಟ್ಟು 200. ಉತ್ತಮ ಸ್ಪರ್ಧಿಗಳು ಬಹುಪಾಲು ಎಲ್ಲವನ್ನೂ ಒಡೆಯುವುದರಿಂದ ತಪ್ಪಿದ ಒಂದೆರಡು ಬಿಲ್ಲೆಗಳೇ ಸ್ಥಾನವನ್ನು ನಿರ್ಧರಿಸುತ್ತವೆ. ಬೇಟೆಯಲ್ಲಿ ಅರಸನ ಅನುಕೂಲಕ್ಕೆ ತಕ್ಕಂತೆ ಎಲ್ಲವೂ ಸಜ್ಜಾಗುತ್ತಿತ್ತು. ಇಲ್ಲಿ ಎಲ್ಲ ಸ್ಪರ್ಧಿಗಳಿಗೂ ಒಂದೇ ನಿಯಮ.

ಕರ್ಣಿ ಸಿಂಗ್ 17 ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಎಂಟನೆಯ ಸ್ಥಾನ ಪಡೆದರು. 1961ರಲ್ಲಿ ಭಾರತ ಸರ್ಕಾರ ಅರ್ಜುನ ಪ್ರಶಸ್ತಿಯನ್ನು ಆರಂಭಿಸಿದಾಗ ಮೊದಲ ವರ್ಷವೇ ಅದನ್ನು ಪಡೆದು, ಈ ಗೌರವಕ್ಕೆ ಪಾತ್ರರಾದ ಮೊದಲ ಶೂಟಿಂಗ್ ಪಟು ಎನಿಸಿದರು.

ಮರುವರ್ಷ ಕೈರೊದಲ್ಲಿ ವಿಶ್ವ ಪ್ರಶಸ್ತಿ ಅವರ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ನಿಗದಿತ ಸುತ್ತುಗಳು ಮುಗಿದಾಗ ಅವರೂ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಜಿಮೆಂಕೊ ಅವರೂ ಸಮಾನ ಅಂಕಗಳೊಂದಿಗೆ ಮೊದಲ ಸ್ಥಾನದಲ್ಲಿದ್ದರು. ವಿಜೇತರನ್ನು ನಿರ್ಧರಿಸಲು ನಡೆಸಿದ ಹೆಚ್ಚುವರಿ ಸುತ್ತಿನಲ್ಲಿ ಕರ್ಣಿ ಸಿಂಗ್ ಹಿಂದೆ ಬಿದ್ದು ಬೆಳ್ಳಿ ಪದಕಕ್ಕೆ ತೃಪ್ತರಾಗಬೇಕಾಯಿತು. ಅವರ ಕ್ರೀಡಾಜೀವನದ ಅತ್ಯುನ್ನತ ಸಾಧನೆಯೂ ಇದೇ, ಕೈತಪ್ಪಿದ ಅತಿ ದೊಡ್ಡ ಗೆಲುವೂ ಇದೇ.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಹಿನ್ನಡೆ ಕಂಡರು. ನಾಲ್ಕು ವರ್ಷಗಳ ಬಳಿಕ ಮೆಕ್ಸಿಕೊದಲ್ಲಿ ಚೇತರಿಸಿಕೊಂಡು ಹತ್ತನೆಯ ಸ್ಥಾನ ಪಡೆದರು. 1972ರಲ್ಲಿ ಮ್ಯೂನಿಕ್‌ನಲ್ಲಿಯೂ, 1980ರಲ್ಲಿ ತಮ್ಮ 56ನೆಯ ವಯಸ್ಸಿನಲ್ಲಿ ಮಾಸ್ಕೊದಲ್ಲಿಯೂ ಸ್ಪರ್ಧಿಸಿದರು. ಒಲಿಂಪಿಕ್ ಪದಕ ಅವರಿಗೆ ದಕ್ಕಲಿಲ್ಲ. ಏಷ್ಯಾದ ಮಟ್ಟದಲ್ಲಿ ಫಲ ಹೆಚ್ಚಿತ್ತು: 1971ರ ಸೋಲ್ ಏಷ್ಯನ್ ಶೂಟಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ, 1974ರ ಟೆಹರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗಳಿಸಿದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ, 58ನೆಯ ವಯಸ್ಸಿನಲ್ಲಿ, ತಂಡ ವಿಭಾಗದ ಬೆಳ್ಳಿಯಲ್ಲಿ ಪಾಲು ಪಡೆದರು.

ಅವರ ಮಗಳು ರಾಜ್ಯಶ್ರೀ ಕುಮಾರಿ ಬಾಲ್ಯದಲ್ಲಿಯೇ ಶೂಟಿಂಗ್‌ನಲ್ಲಿ ಹೆಸರು ಮಾಡಿ 1968ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಹೀಗೆ ತಂದೆ ಮತ್ತು ಮಗಳು ಇಬ್ಬರೂ ಒಂದೇ ಕ್ರೀಡೆಗಾಗಿ ಈ ಪ್ರಶಸ್ತಿಗೆ ಭಾಜನರಾದರು.

ವಿದ್ವತ್ತು ಮತ್ತು ಬರವಣಿಗೆ

ಸಂಸದರಾಗಿ ಮತ್ತು ಕ್ರೀಡಾಪಟುವಾಗಿ ದುಡಿಯುತ್ತಿರುವಾಗಲೇ ಕರ್ಣಿ ಸಿಂಗ್ ಸಂಶೋಧನೆ ಕೈಗೊಂಡರು. 1465ರಿಂದ 1949ರವರೆಗೆ ಬಿಕಾನೇರ್ ಮನೆತನವು ಕೇಂದ್ರದ ಪ್ರಭುತ್ವಗಳೊಂದಿಗೆ ಹೊಂದಿದ್ದ ಸಂಬಂಧವನ್ನು ಕುರಿತ ಅವರ ಪ್ರಬಂಧಕ್ಕೆ ಮುಂಬಯಿ ವಿಶ್ವವಿದ್ಯಾಲಯ 1964ರಲ್ಲಿ ಡಾಕ್ಟರೇಟ್ ಪದವಿ ನೀಡಿತು. ಈ ಅಧ್ಯಯನ ಕೊನೆಗೊಳ್ಳುವ 1949 ಅವರ ತಂದೆಯ ಸಂಸ್ಥಾನ ಅಳಿದ ವರ್ಷ. ತಮ್ಮ ಶೂಟಿಂಗ್ ಅನುಭವಗಳನ್ನು ‘ಫ್ರಮ್ ರೋಮ್ ಟು ಮಾಸ್ಕೊ’ ಎಂಬ ಇಂಗ್ಲಿಷ್ ಕೃತಿಯಲ್ಲಿ ದಾಖಲಿಸಿದ್ದಾರೆ. ಬಿಕಾನೇರ್‌ನ ಜುನಾಗಢ ಕೋಟೆಯನ್ನು ಸಂರಕ್ಷಿಸಿ, ಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯುವ ಸಲುವಾಗಿ ಮಹಾರಾಜ ರಾಯ್ ಸಿಂಗ್‌ಜಿ ಟ್ರಸ್ಟ್ ಅನ್ನು ಸ್ಥಾಪಿಸಿದರು.

ನಿಧನ ಮತ್ತು ಸ್ಮರಣೆ

ಕರ್ಣಿ ಸಿಂಗ್ 1988ರ ಸೆಪ್ಟೆಂಬರ್‌ನಲ್ಲಿ, ತಮ್ಮ 64ನೆಯ ವಯಸ್ಸಿನಲ್ಲಿ ನಿಧನರಾದರು. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯ ತುಘಲಕಾಬಾದ್‌ನಲ್ಲಿ ನಿರ್ಮಿಸಿದ ಶೂಟಿಂಗ್ ಮೈದಾನಕ್ಕೆ ಅವರ ಹೆಸರಿಡಲಾಗಿದೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಇದನ್ನು ನವೀಕರಿಸಲಾಯಿತು.

ಬಂದೂಕು, ತೋಟಾ ಮತ್ತು ಮೈದಾನಗಳ ವೆಚ್ಚದಿಂದಾಗಿ ಭಾರತದಲ್ಲಿ ಟ್ರ್ಯಾಪ್ ಶೂಟಿಂಗ್ ಆರಂಭದಲ್ಲಿ ಬಹುಮಟ್ಟಿಗೆ ಅನುಕೂಲಸ್ಥ ಮನೆತನಗಳ ಆಟವಾಗಿತ್ತು. ಕರ್ಣಿ ಸಿಂಗ್ ಅವರ ಸಾಧನೆಯ ಹಿಂದೆಯೂ ಆ ಅನುಕೂಲವಿತ್ತು. ಆದರೆ ಅರಮನೆಯ ಬೇಟೆಯಲ್ಲಿ ಕಲಿತ ಕೌಶಲವನ್ನು ಅವರು ಅಂತರರಾಷ್ಟ್ರೀಯ ನಿಯಮಗಳ ಸ್ಪರ್ಧೆಗೆ ಒಡ್ಡಿ, ಎರಡು ದಶಕಗಳ ಕಾಲ ಸೋಲು ಗೆಲುವುಗಳ ನಡುವೆ ಅಲ್ಲಿಯೇ ಉಳಿದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಶೂಟಿಂಗ್‌ನ ಮೊದಲ ಪದಕ ಬಂದದ್ದು ಟ್ರ್ಯಾಪ್‌ನದೇ ಇನ್ನೊಂದು ಬಗೆಯಾದ ಡಬಲ್ ಟ್ರ್ಯಾಪ್‌ನಲ್ಲಿ. ಅದನ್ನು ಗೆದ್ದ ರಾಜ್ಯವರ್ಧನ್ ಸಿಂಗ್ ರಾಥೋಡ್ ಭಾರತೀಯ ಸೇನೆಯ ಅಧಿಕಾರಿಯಾಗಿದ್ದರು.