ನೋಟ್‌ಬುಕ್ ಹಿಡಿದು ಕೆಲಸ ಹುಡುಕಿದ ರಾಮಾನುಜನ್

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹೆಸರು ನಮ್ಮ ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಒಂದು ಗುಮಾಸ್ತನ ಕೆಲಸಕ್ಕಾಗಿ ಅವರು ಎಷ್ಟು ಜನರ ಬಾಗಿಲು ತಟ್ಟಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅವರು ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯ ಗುಮಾಸ್ತರು. ಗಣಿತ ಬಿಟ್ಟು ಬೇರೆ ವಿಷಯ ಓದದ ಕಾರಣ ಕಾಲೇಜಿನ ವಿದ್ಯಾರ್ಥಿವೇತನ ಹೋಯಿತು. ಮದ್ರಾಸಿಗೆ ಹೋಗಿ ಓದಿದರೂ ಎಫ್.ಎ. ಪಾಸಾಗಲಿಲ್ಲ. 1909ರಲ್ಲಿ ಮದುವೆ. ಡಿಗ್ರಿ ಇಲ್ಲ, ಸಂಬಳವಿಲ್ಲ. ಇದ್ದದ್ದು ಸೂತ್ರಗಳನ್ನು ಬರೆದಿಟ್ಟ ನೋಟ್‌ಬುಕ್.

1910ರಲ್ಲಿ ಅದನ್ನು ಹಿಡಿದು ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡರು. ಅಯ್ಯರ್ ಭಾರತೀಯ ಗಣಿತ ಸಂಘ ಕಟ್ಟಿದವರು. ಪುಟ ತಿರುವಿದ ಮೇಲೆ ಈ ಹುಡುಗನನ್ನು ಕಂದಾಯ ಕಚೇರಿಯಲ್ಲಿ ಕೂರಿಸಲು ಅವರಿಗೆ ಮನಸ್ಸು ಬರಲಿಲ್ಲ. ಕೆಲಸ ಕೊಡಲಿಲ್ಲ, ಮದ್ರಾಸಿಗೆ ಪತ್ರ ಕೊಟ್ಟರು. ಅಲ್ಲಿ ಕುಂಭಕೋಣದಿಂದಲೇ ಪರಿಚಯವಿದ್ದ ಪಿ.ವಿ. ಶೇಷು ಅಯ್ಯರ್ ಮೇಷ್ಟ್ರು ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರ ಬಳಿಗೆ ಕಳಿಸಿದರು. ರಾವ್ ಮೊದಲು ಅನುಮಾನಿಸಿದರು, ಆಮೇಲೆ ನಂಬಿ ತಿಂಗಳಿಗೆ 25 ರೂಪಾಯಿ ಕೊಡತೊಡಗಿದರು.

ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆ ರೆಫರಲ್ ಅನ್ನುತ್ತಾರೆ. ಬಿ.ಇ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಇದೇ ಶಾಲೆಯ ಹಿರಿಯರೊಬ್ಬರಿಗೆ ಫೋನ್ ಮಾಡಲು ನಾಚಿಕೊಂಡು ನಾನು ಆರು ತಿಂಗಳು ಕಳೆದೆ. ವಶೀಲಿ ಅಂದುಕೊಂಡಾರು ಎಂಬ ಅಂಜಿಕೆ. ವಶೀಲಿಯಲ್ಲಿ ಯಾರ ಕಡೆಯವನು ಎಂದು ನೋಡುತ್ತಾರೆ. ರಾಮಾನುಜನ್ ಹೋದಲ್ಲೆಲ್ಲ ನೋಟ್‌ಬುಕ್ ಬಿಚ್ಚಿ ತೋರಿಸಿದರು. ಆ ವ್ಯತ್ಯಾಸ ನನಗೆ ತಡವಾಗಿ ತಿಳಿಯಿತು.

ಇನ್ನೊಬ್ಬರ ಹಂಗಿನಲ್ಲಿರಲು ಇಷ್ಟವಿಲ್ಲದೆ ರಾಮಾನುಜನ್ ಮತ್ತೆ ಕೆಲಸ ಹುಡುಕಿದರು. ಪ್ರೆಸಿಡೆನ್ಸಿ ಕಾಲೇಜಿನ ಮಿಡಲ್‌ಮಾಸ್ಟ್ ಶಿಫಾರಸು ಬರೆದುಕೊಟ್ಟರು. 1912ರ ಮಾರ್ಚ್ 1ರಂದು ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತರಾದರು. ಅಲ್ಲಿ ಮೇಲಧಿಕಾರಿಯಾಗಿದ್ದ ನಾರಾಯಣ ಅಯ್ಯರ್ ಕೂಡ ಗಣಿತ ಸಂಘದವರೇ; ಸಂಜೆ ಇಬ್ಬರೂ ಸ್ಲೇಟು ಹಿಡಿದು ಲೆಕ್ಕ ಮಾಡುತ್ತಿದ್ದರು. ಆ ಕುರ್ಚಿಯಲ್ಲಿದ್ದಾಗಲೇ, 1913ರ ಜನವರಿಯಲ್ಲಿ, ಕೇಂಬ್ರಿಡ್ಜಿನ ಹಾರ್ಡಿಗೆ ಪತ್ರ ಹೋಯಿತು. ಮುಂದಿನದು ಎಲ್ಲರಿಗೂ ಗೊತ್ತಿರುವುದೇ: 1914ರಲ್ಲಿ ಪ್ರಯಾಣ, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ, 1920ರ ಏಪ್ರಿಲ್ 26ರಂದು 32ನೇ ವಯಸ್ಸಿಗೇ ಮರಣ.

ಸಾಯುವುದಕ್ಕೆ ವರ್ಷದ ಹಿಂದೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ವರ್ಷಾಶನ ಕೊಡಲು ಮುಂದೆ ಬಂತು. ತಂದೆ ತಾಯಿಗೆ ಕೊಟ್ಟು ಉಳಿದದ್ದನ್ನು ಬಡ ಹುಡುಗರ ಶಾಲಾ ಶುಲ್ಕಕ್ಕೂ ಪುಸ್ತಕಕ್ಕೂ ಬಳಸಿ ಎಂದು ಅವರು ಇಂಗ್ಲೆಂಡಿನಿಂದ ಬರೆದು ಕೇಳಿಕೊಂಡರು.