ಹೈದರ್ ಅಲಿ: ಓದಲು ಬಾರದಿದ್ದರೂ ಪತ್ರಗಳನ್ನು ಕಾಯ್ದ ದೊರೆ

ಮೈಸೂರಿನ ಇತಿಹಾಸದಲ್ಲಿ ನವಾಬ್ ಹೈದರ್ ಅಲಿ ಖಾನ್ ಅವರ ಹೆಸರು ಕೇಳದವರಿಲ್ಲ. ಅವರ ಕುದುರೆ ಸೈನ್ಯ, ಪೊಳ್ಳಿಲೂರಿನ ವಿಜಯ, ಮಗ ಟಿಪ್ಪು ಸುಲ್ತಾನರ ಶೌರ್ಯ ಇವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿ ಬಂದಿವೆ. ಆದರೆ ಅವರ ಬದುಕಿನ ಇನ್ನೊಂದು ಮಗ್ಗುಲು ಇಂದಿನ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತವಾದುದು. ಓದುಬರಹ ಬಾರದ ಈ ಮನುಷ್ಯ ಒಂದು ದೊಡ್ಡ ರಾಜ್ಯದ ಪತ್ರ, ಲೆಕ್ಕ ಮತ್ತು ಗುಟ್ಟುಗಳನ್ನು ಹೇಗೆ ಕಾಯ್ದರು ಎಂಬುದೇ ಆ ಮಗ್ಗುಲು.

ಇಂದು ಕಂಪ್ಯೂಟರ್ ಕಲಿಯುವವರಿಗೆ ಮಾಹಿತಿ ಸುರಕ್ಷತೆಯ ಮೂರು ತತ್ವಗಳನ್ನು ಹೇಳಿಕೊಡುತ್ತಾರೆ. ಮಾಹಿತಿಯು ಸಲ್ಲದವರ ಕೈಗೆ ಸಿಗಬಾರದು, ಇದು ಗೌಪ್ಯತೆ. ನಡುವೆ ಯಾರೂ ಅದನ್ನು ತಿದ್ದಬಾರದು, ಇದು ನೈಜತೆ. ಬೇಕಾದವರಿಗೆ ಬೇಕಾದಾಗ ಅದು ದೊರೆಯಬೇಕು, ಇದು ಲಭ್ಯತೆ. ಈ ಹೆಸರುಗಳು ಹೊಸವು, ವಿಷಯ ಹಳೆಯದು.

ಹೈದರ್ ಅಲಿಯವರು 1720ರ ಆಸುಪಾಸಿನಲ್ಲಿ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಜನಿಸಿದರು. ತಂದೆ ಫತೇ ಮುಹಮ್ಮದ್ ಯುದ್ಧದಲ್ಲಿ ಮಡಿದಾಗ ಅವರಿನ್ನೂ ಚಿಕ್ಕ ಮಗು. ಬಡತನ ಮತ್ತು ಅಲೆದಾಟದಲ್ಲಿ ಬಾಲ್ಯ ಕಳೆಯಿತು, ಶಿಕ್ಷಣ ದೊರೆಯಲಿಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಧೈರ್ಯದಿಂದ ಮೈಸೂರಿನ ಸರ್ವಾಧಿಕಾರಿ ನಂಜರಾಜರ ಕಣ್ಣಿಗೆ ಬಿದ್ದರು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರರಾದರು. ಅಲ್ಲಿಂದ ಮುಂದೆ ಅವರ ಏಳಿಗೆ ನಿಲ್ಲಲಿಲ್ಲ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಹೊರಗಿನ ಶತ್ರುವಿನಿಂದಲ್ಲ. ಅವರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ, ಅವರೇ ಬೆಳೆಸಿದ ಖಂಡೇರಾವ್ 1760ರ ಆಗಸ್ಟ್‌ನಲ್ಲಿ ತಿರುಗಿಬಿದ್ದನು. ಹೈದರ್ ಅವರ ಬಲ ಎಷ್ಟು, ಹಣ ಎಲ್ಲಿದೆ, ಸೈನ್ಯ ಎಲ್ಲೆಲ್ಲಿ ಚದುರಿದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು ಹೈದರ್ ರಾತ್ರೋರಾತ್ರಿ ಕಾವೇರಿ ದಾಟಿ ಬೆಂಗಳೂರಿನ ಕಡೆ ಓಡಬೇಕಾಯಿತು. ಎಲ್ಲ ಬೀಗದ ಕೈಗಳೂ ಒಬ್ಬನ ಸೊಂಟದಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಅವರು ಆ ರಾತ್ರಿ ಕಲಿತರು.

ಮರುವರ್ಷ ಖಂಡೇರಾವ್ ಸೋತದ್ದೂ ಪತ್ರಗಳಿಂದಲೇ. ಸೋತು ಸುಣ್ಣವಾಗಿದ್ದ ಹೈದರ್ ನಂಜರಾಜರ ಮೊರೆ ಹೊಕ್ಕರು. ನಂಜರಾಜರ ಹೆಸರಿನಲ್ಲಿ ಖಂಡೇರಾವ್‌ನ ಸೇನಾಧಿಕಾರಿಗಳಿಗೆ ಪತ್ರಗಳು ಸಿದ್ಧವಾದವು. ಅವರೆಲ್ಲ ತಮ್ಮ ಒಡೆಯನನ್ನು ಹಿಡಿದುಕೊಡಲು ಮೊದಲೇ ಒಪ್ಪಿದ್ದಾರೆ ಎಂಬಂತೆ ಆ ಪತ್ರಗಳ ಒಕ್ಕಣೆ ಇತ್ತು. ಅವು ಬೇಕೆಂದೇ ಖಂಡೇರಾವ್‌ನ ಕೈಗೆ ಸಿಗುವಂತೆ ಮಾಡಲಾಯಿತು. ಪತ್ರ ನಿಜವೇ ಸುಳ್ಳೇ ಎಂದು ಪರೀಕ್ಷಿಸದೆ ಅವನು ಸೈನ್ಯವನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಓಡಿದನು. ನಾಯಕನಿಲ್ಲದ ಸೈನ್ಯ ಚದುರಿಹೋಯಿತು. 1761ರಲ್ಲಿ ಮೈಸೂರಿನ ಅಧಿಕಾರ ಹೈದರ್ ಅವರ ಕೈಗೆ ಬಂತು. ಇಂದು ಬ್ಯಾಂಕಿನ ಹೆಸರಿನಲ್ಲಿ ಬರುವ ಸುಳ್ಳು ಸಂದೇಶವನ್ನು ನೋಡಿ ಗಾಬರಿಯಾಗುವವರ ಸ್ಥಿತಿ ಖಂಡೇರಾವ್‌ನ ಸ್ಥಿತಿಯೇ. ಸಂದೇಶ ಯಾರಿಂದ ಬಂತು ಎಂದು ನೋಡುವ ಮೊದಲೇ ಹೆದರಿಕೆ ಅವರನ್ನು ಓಡಿಸುತ್ತದೆ.

1763ರಲ್ಲಿ ಅವರು ಬಿದನೂರನ್ನು ಗೆದ್ದರು. ಸುತ್ತ ದಟ್ಟ ಕಾಡು, ಬೆಟ್ಟ, ಅಡೆತಡೆಗಳಿದ್ದ ಊರು ಅದು. ಆದರೆ ಆ ರಾಜ್ಯದ ಹಿಂದಿನ ಮಂತ್ರಿ ಲಿಂಗಣ್ಣ ಒಂದು ಗುಪ್ತ ದಾರಿಯನ್ನು ತೋರಿಸಿಕೊಟ್ಟದ್ದರಿಂದ ಗೆಲುವು ಸುಲಭವಾಯಿತು. ಬಿದನೂರಿನೊಂದಿಗೆ ಹೊನ್ನಾವರ, ಭಟ್ಕಳದ ಕರಾವಳಿಯೂ ಅವರ ಆಡಳಿತಕ್ಕೆ ಸೇರಿತು. ಹೊನ್ನಾವರದಲ್ಲಿ ಅವರು ಯುದ್ಧನೌಕೆ ಕಟ್ಟುವ ಹಡಗುಕಟ್ಟೆಯನ್ನು ಸ್ಥಾಪಿಸಿದರು.

ಇಷ್ಟು ದೊಡ್ಡ ರಾಜ್ಯ ನಡೆಸಿದವರಿಗೆ ತಮ್ಮ ಹೆಸರನ್ನು ಪೂರ್ತಿ ಬರೆಯಲು ಬರುತ್ತಿರಲಿಲ್ಲ. ಹೆಸರಿನ ಮೊದಲ ಅಕ್ಷರವಾದ ಬಡೀ ಹೇಯನ್ನು ಮಾತ್ರ, ಅದನ್ನೂ ತಲೆಕೆಳಗಾಗಿ, ಬರೆದು ಸಹಿ ಮಾಡುತ್ತಿದ್ದರು. ಹೀಗಿರುವಾಗ ಗುಮಾಸ್ತನು ಹೇಳಿದ್ದನ್ನು ಬಿಟ್ಟು ಬೇರೇನೋ ಬರೆದರೆ ತಿಳಿಯುವುದು ಹೇಗೆ? 1779ರಲ್ಲಿ ಮದರಾಸು ಸರ್ಕಾರದ ಪರವಾಗಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಪಾದ್ರಿ ಶ್ವಾರ್ಟ್ಜ್ ಅವರು ಅದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಹೈದರ್ ಒಬ್ಬನಿಂದ ಪತ್ರ ಬರೆಸಿ ಅವನಿಂದಲೇ ಓದಿಸುತ್ತಿದ್ದರು. ಆಮೇಲೆ ಇನ್ನೊಬ್ಬನನ್ನು ಕರೆದು ಮತ್ತೆ ಓದಿಸುತ್ತಿದ್ದರು. ಅವರ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಬರೆದವನ ತಲೆ ಉಳಿಯುತ್ತಿರಲಿಲ್ಲ.

ಶಿಕ್ಷೆ ಕ್ರೂರವಾದುದು, ಭಯವೇ ಅವರ ಆಡಳಿತದ ಬಲವೂ ದೌರ್ಬಲ್ಯವೂ ಆಗಿತ್ತು. ಆದರೆ ವಿಧಾನ ಸರಿಯಾದುದು. ಬ್ಯಾಂಕುಗಳಲ್ಲಿ ಇಂದಿಗೂ ಒಬ್ಬರು ದಾಖಲಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಿಗೆ ಕೊಡುವ ಪದ್ಧತಿ ಇದೆ.

ಖಜಾನೆಯಲ್ಲೂ ಅದೇ ಕ್ರಮ. ಲೆಕ್ಕಗಳನ್ನು ಪೂರ್ಣಯ್ಯನವರು ಕನ್ನಡದಲ್ಲಿಯೂ ಕೃಷ್ಣರಾಯರು ಮರಾಠಿಯಲ್ಲಿಯೂ ಇಡುತ್ತಿದ್ದರು. ಇಬ್ಬರಿಗೂ ಸಮಾನ ಅಧಿಕಾರ. ಒಂದು ಪುಸ್ತಕ ಇನ್ನೊಂದಕ್ಕೆ ಕಾವಲು. ಒಂದು ಕಳೆದರೂ ಇನ್ನೊಂದು ಉಳಿಯುತ್ತದೆ. ಒಬ್ಬರು ತಿದ್ದಿದರೆ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಖಂಡೇರಾವ್‌ನಿಂದ ಕಲಿತ ಪಾಠ ಇಲ್ಲಿ ಕಾಣುತ್ತದೆ.

ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು ಅವರ ಮರಣದ ದಿನ. ಆಂಗ್ಲರೊಂದಿಗೆ ಎರಡನೇ ಯುದ್ಧ ನಡೆಯುತ್ತಿರುವಾಗಲೇ ಬೆನ್ನಿನ ಹುಣ್ಣಿನಿಂದ ಬಳಲಿ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ ಹೈದರ್ ಕೊನೆಯುಸಿರೆಳೆದರು. ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸುದ್ದಿ ಹರಡಿದರೆ ಸೈನ್ಯ ಒಡೆಯುವ ಭಯವಿತ್ತು. ಪೂರ್ಣಯ್ಯ ಮತ್ತು ಕೃಷ್ಣರಾಯರು ಕೆಲವೇ ನಂಬಿಕಸ್ತರೊಡನೆ ಸೇರಿ ಗುಟ್ಟನ್ನು ಕಾಯ್ದರು. ಪಾರ್ಥಿವ ಶರೀರವನ್ನು ಪೆಟ್ಟಿಗೆಯಲ್ಲಿಟ್ಟು ಬೆಲೆಬಾಳುವ ಖಜಾನೆಯೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಆಜ್ಞೆಗಳು ಎಂದಿನಂತೆ ಹೊರಟವು. ಪಲ್ಲಕ್ಕಿಯೂ ಎಂದಿನ ಪರಿವಾರದೊಡನೆ ಸಾಗಿತು. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮರನ್ನು ಪಟ್ಟಕ್ಕೆ ತರಲು ಹೊರಟಿದ್ದವರನ್ನು ಸದ್ದಿಲ್ಲದೆ ಬಂಧಿಸಲಾಯಿತು. 1783ರ ಜನವರಿಯ ಮೊದಲ ದಿನಗಳಲ್ಲಿ ಟಿಪ್ಪು ಬಂದು ಸೈನ್ಯದ ಹೊಣೆ ವಹಿಸಿಕೊಳ್ಳುವವರೆಗೆ ಸೈನ್ಯ ಒಡೆಯಲಿಲ್ಲ.

ಪೂರ್ವದಲ್ಲಿ ಗುಟ್ಟು ರಾಜ್ಯವನ್ನು ಉಳಿಸಿದರೆ ಪಶ್ಚಿಮದಲ್ಲಿ ಒಂದು ಪತ್ರ ನಾಡನ್ನೇ ಕಳೆಯಿತು. ಸಾವಿನ ಸುದ್ದಿ ತಿಳಿದ ಬೊಂಬಾಯಿ ಸರ್ಕಾರ ಜನರಲ್ ಮ್ಯಾಥ್ಯೂಸ್‌ಗೆ ಬಿದನೂರನ್ನು ಹಿಡಿಯಲು ಆಜ್ಞೆ ಕಳುಹಿಸಿತು. ಅವನು ಜನವರಿಯಲ್ಲಿ ನಮ್ಮ ಹೊನ್ನಾವರವನ್ನು ವಶಪಡಿಸಿಕೊಂಡು ಘಟ್ಟ ಹತ್ತಿದನು. ಬಿದನೂರಿನ ಅಧಿಕಾರಿ ಅಯಾಜ್ ಹೈದರ್ ಅವರ ಪ್ರೀತಿಪಾತ್ರ. ಟಿಪ್ಪುವಿಗೆ ಅವನ ಮೇಲೆ ನಂಬಿಕೆ ಇರಲಿಲ್ಲ. ಇತಿಹಾಸಕಾರ ವಿಲ್ಕ್ಸ್ ಬರೆದಿರುವಂತೆ, ಹೊರಗಿನಿಂದ ಬರುವ ಪ್ರತಿಯೊಂದು ಪತ್ರವನ್ನೂ ಮೊದಲು ತನಗೆ ಓದಿ ಹೇಳಬೇಕೆಂದು ಅಯಾಜ್ ಕಟ್ಟು ಮಾಡಿದ್ದನು. ಅವನ ಕೈಕೆಳಗಿನ ಅಧಿಕಾರಿಗೆ ಬಂದ ಒಂದು ಪತ್ರದಲ್ಲಿ ಅವನನ್ನೇ ಕೊಲ್ಲುವ ಆಜ್ಞೆ ಇತ್ತು. ಅದನ್ನು ಓದಿದ ಗುಮಾಸ್ತ ಅಲ್ಲೇ ಪ್ರಾಣ ಕಳೆದುಕೊಂಡನು. ಅಯಾಜ್ ಬಿದನೂರನ್ನು ಆಂಗ್ಲರಿಗೆ ಒಪ್ಪಿಸಿದನು. ಒಬ್ಬರಿಗೆ ಹೋಗಬೇಕಾದ ಮಾಹಿತಿ ಇನ್ನೊಬ್ಬರ ಕಿವಿಗೆ ಬಿದ್ದದ್ದಕ್ಕೆ ಇಷ್ಟು ಬೆಲೆ! ಟಿಪ್ಪು ಕೆಲವೇ ತಿಂಗಳಲ್ಲಿ ಬಿದನೂರನ್ನು ಮರಳಿ ಪಡೆದರು. ಹೊನ್ನಾವರದ ಕೋಟೆ ಮಾತ್ರ 1784ರ ಮಂಗಳೂರು ಒಪ್ಪಂದದ ನಂತರವೇ ಕೈಗೆ ಬಂತು.

ವಿದ್ಯಾರ್ಥಿ ಮಿತ್ರರೇ, ಇದು ರಾಜರ ಕಾಲದ ಮಾತೆಂದು ಬದಿಗಿಡಬೇಡಿ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿದ್ದೆವು. ಯಾರು ಬೇಕಾದರೂ ಒಳಹೋಗುತ್ತಿದ್ದರು. ಮೀನುಗಾರರೊಬ್ಬರ ಮಗಳ ಬ್ಯಾಂಕ್ ಖಾತೆಯ ಸಂಖ್ಯೆಯಲ್ಲಿ ಎರಡು ಅಂಕಿ ಬದಲಾಗಿತ್ತು. ಅದು ಕೈತಪ್ಪೋ ಬೇಕೆಂದು ಮಾಡಿದ್ದೋ ತಿಳಿಯಲೇ ಇಲ್ಲ. ಏಕೆಂದರೆ ನಾವೆಲ್ಲರೂ ಒಂದೇ ಹೆಸರಿನಲ್ಲಿ ಒಳಹೋಗುತ್ತಿದ್ದೆವು. ಆ ವರ್ಷ ಅವಳಿಗೆ ಹಣ ಬರಲಿಲ್ಲ. ಓದಲು ಬಾರದ ಹೈದರ್ ಎರಡನೆಯವನಿಂದ ಓದಿಸುತ್ತಿದ್ದರು, ಬಿ.ಎಡ್. ಮಾಡಿದ ನಾವು ಓದಿಸಲಿಲ್ಲ. ಆ ಹುಡುಗಿಯ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ.

ಆದುದರಿಂದ ಪಾಸ್‌ವರ್ಡ್ ಮತ್ತು ಒಟಿಪಿ ಯಾರಿಗೂ ಹೇಳಬಾರದು. ಶಾಲೆ, ಸಂಸ್ಥೆಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರವೇಶ ಇರಬೇಕು, ಕೆಲಸಕ್ಕೆ ಬೇಕಾದಷ್ಟೇ ಇರಬೇಕು. ಮುಖ್ಯ ದಾಖಲೆಗಳನ್ನು ಇಬ್ಬರು ನೋಡಬೇಕು, ಅವುಗಳ ಎರಡನೆಯ ಪ್ರತಿ ಬೇರೆ ಕಡೆ ಇರಬೇಕು. ಹಣ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮಕ್ಕಳ ಹೆಸರು, ಅಂಕ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇವೆಲ್ಲ ಪೋಷಕರು ನಮ್ಮನ್ನು ನಂಬಿ ಕೊಟ್ಟ ಅಮಾನತ್ತು.

ಹೈದರ್ ಅಲಿಯವರು ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಪತ್ನಿ ಮತ್ತು ಮಗನೊಡನೆ ಚಿರನಿದ್ರೆಯಲ್ಲಿದ್ದಾರೆ. ಶೈಕ್ಷಣಿಕ ಪ್ರವಾಸಕ್ಕೆ ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಅವರ ಖಡ್ಗದೊಂದಿಗೆ ಆ ಎರಡು ಲೆಕ್ಕದ ಪುಸ್ತಕಗಳನ್ನೂ ನೆನೆಯಲಿ.